ದೊಡ್ಡಕಣ್ಣವ್ವ

ಪಿಳ್ಳಣ್ಣನ ಸೈಬರ್ ಸೆಂಟರಿನ ಮೆಟ್ಟಿಲು ಹತ್ತುವಾಗಲೇ ಅನ್ನಪೂರ್ಣ ಒಂದು ಗಂಟೆಯ ದುಡ್ಡನ್ನು ಅಂಗೈಯಲ್ಲಿ ಎಣಿಸಿಕೊಳ್ಳುತ್ತಿದ್ದಳು. ಬಿಟಿಎಂ ಲೇಔಟಿನ ಆ ಅಡ್ಡರಸ್ತೆಯಲ್ಲಿ ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ಸೈಬರ್. ಮಧ್ಯಾಹ್ನದ ಪಾತ್ರೆ ತೊಳೆದು, ಬಟ್ಟೆ ಒಣಹಾಕಿ, ಬಾಡಿಗೆ ಕೋಣೆಗೆ ಬೀಗ ಜಡಿದು ಅವಳು ಬರುವ ಹೊತ್ತಿಗೆ ಕಾಲೇಜು ಹುಡುಗರ ಗದ್ದಲ ಇನ್ನೂ ಶುರುವಾಗಿರುತ್ತಿರಲಿಲ್ಲ.

“ಬನ್ನಿ ಮೇಡಂ, ಮೂಲೆ ಸಿಸ್ಟಂ ನಿಮಗೇ ಅಂತ ಖಾಲಿ ಇಟ್ಟಿದೀನಿ,” ಎಂದ ಪಿಳ್ಳಣ್ಣ. ಜೆರಾಕ್ಸ್ ಮಷೀನಿನ ಹೊಟ್ಟೆಗೆ ಕೈ ಹಾಕಿ ಅವನ ಬೆರಳೆಲ್ಲ ಕಪ್ಪಾಗಿದ್ದವು. “ಇವತ್ತಾದ್ರೂ ಒಂಚೂರು ಪಾಯಿಂಟ್ ಮಾಡಿ. ನಮ್ಮಕ್ಕನ ಮಗಳು, ಎಲ್‌ಕೆಜಿ, ನಿಮಗಿಂತ ಮುಂದಿದಾಳೆ.”

“ಆಕಿಗೆ ಟ್ಯೂಷನ್ ಇರಬೇಕು ಅಣ್ಣಾ.”

“ಟ್ಯೂಷನ್ನೂ ಇಲ್ಲ ಏನೂ ಇಲ್ಲ. ನಾಯಿ ಬಂದ್ರೆ ನಾಯಿ ಅಂತಾಳೆ, ಬಸ್ಸು ಬಂದ್ರೆ ಬಸ್ಸು ಅಂತಾಳೆ. ನೀವ್ ಏನ್ ಬರೀತೀರೋ ಆ ದೇವರಿಗೇ ಗೊತ್ತು.”

ಅವನು ಹೇಳಿದ್ದು ಸುಳ್ಳಲ್ಲ. ಆಟ ತೀರ ಸುಲಭದ್ದು. ಪರದೆಯ ಮೇಲೊಂದು ಚಿತ್ರ ಬರುತ್ತದೆ. ಅದೇ ಚಿತ್ರ ಬೇರೆಲ್ಲೋ ಕುಳಿತ ಇನ್ನೊಬ್ಬರಿಗೂ ಕಾಣುತ್ತದೆ. ಅವರು ಯಾರು, ಯಾವ ಊರಿನವರು, ತಿಳಿಯುವುದಿಲ್ಲ. ಚಿತ್ರ ನೋಡಿ ಹೊಳೆದ ಪದಗಳನ್ನು ಇಬ್ಬರೂ ಬರೆಯುತ್ತ ಹೋಗಬೇಕು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗಿ ಮೂಡುತ್ತದೆ. ಇಬ್ಬರ ಪದ ಎಲ್ಲಿ ಒಂದಾಯಿತೋ ಅಲ್ಲಿ ಅದು ಹಸಿರಾಗಿ ಬೆಳಗಿ, ಪಾಯಿಂಟ್ ಸೇರಿ, ಮುಂದಿನ ಚಿತ್ರ ಬರುತ್ತದೆ. ಆ ಕಡೆಯವರು ಎಷ್ಟು ಪದ ಬರೆದರೆಂಬ ಎಣಿಕೆ ಕಾಣುತ್ತದೆ, ಪದ ಕಾಣುವುದಿಲ್ಲ. ಬೇಸರವಾದರೆ ‘ಬಿಡೋಣ’ ಅಂತ ಒತ್ತಬಹುದು, ಆಗ ಜೊತೆಗಾರರು ಬದಲಾಗುತ್ತಾರೆ. ಕನ್ನಡದ ಆಟವಾದ್ದರಿಂದ ಆ ಹೊತ್ತಿನಲ್ಲಿ ಆಡುವವರು ಹತ್ತೋ ಹನ್ನೆರಡೋ ಮಂದಿ. ಅವರಲ್ಲೊಬ್ಬಳು ತನ್ನ ತಂಗಿ ಶ್ವೇತಾ ಇರಬಹುದೆಂದು ಅನ್ನಪೂರ್ಣ ಕಾಯುತ್ತಿದ್ದಳು.

ಹಾಗಂತ ಸುಳಿವು ಕೊಟ್ಟವಳು ಅವರ ಊರಿನವಳೇ ಆದ ಸಂಗೀತಾ. ಜಯನಗರದ ಸೀರೆ ಅಂಗಡಿಯಲ್ಲಿ ಕೆಲಸ ಅವಳಿಗೆ. ದೀಪಾವಳಿಗೆ ಹಾವೇರಿ ಕಡೆಯ ಊರಿಗೆ ಹೋಗಿ ಬಂದವಳು, ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುತ್ತ ಹೇಳಿದ್ದಳು.

“ನಿಮ್ಮಪ್ಪ ಮನಿಯಾಗ ನಿನ್ನ ಹೆಸರು ತಗೀಬಾರ್ದು ಅಂದಾನಂತ ನೋಡ. ನಿಮ್ಮವ್ವನೂ ತಗಿಯಂಗಿಲ್ಲ.”

“ಶ್ವೇತಾ?”

“ಬಸ್‌ಸ್ಟ್ಯಾಂಡ್ನ್ಯಾಗ ಸಿಕ್ಕಿದ್ಲು. ನಿಮ್ಮಕ್ಕ ಕೇಳ್ಯಾಳ ಅಂದೆ. ಮುಖಾ ತಿರುವಿಕೊಂಡು ಹ್ವಾದ್ಲು ನಮ್ಮವ್ವ. ಮಧ್ಯಾನ ಕಾಲೇಜ್ ಬಿಟ್ಟ ಮ್ಯಾಲೆ ಸೈಬರ್‌ನ್ಯಾಗ ಕುಂತಿರ್ತಾಳ, ಅದೇ ಚಿತ್ರದ ಆಟ. ನೀನ ಕಲಿಸಿದ್ದಂತಲ್ಲ?”

ಹೌದು, ಕಲಿಸಿದ್ದು ತಾನೇ. ಆಮೇಲೆ ಚಿದಾನಂದನನ್ನು ಮದುವೆಯಾಗಿ ಬೆಂಗಳೂರಿಗೆ ಬಂದುಬಿಟ್ಟಳು. ಅವನೂ ಲಿಂಗ ಕಟ್ಟುವವನೇ, ಪಂಗಡ ಬೇರೆ. ಆ ಸುದ್ದಿ ಊರಲ್ಲಿ ಹರಡಿದ ವಾರದಲ್ಲೇ ಶ್ವೇತಾಳನ್ನು ನೋಡಲು ಬರಬೇಕಿದ್ದ ಬ್ಯಾಡಗಿಯವರು ಬರುವುದಿಲ್ಲವೆಂದು ಹೇಳಿಕಳಿಸಿದರು. ಅನ್ನಪೂರ್ಣ ಮೇಲ್ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಮನೆಯ ಫೋನು ಅಪ್ಪ ಮರುಳಸಿದ್ದಪ್ಪನ ಕುರ್ಚಿಯ ಪಕ್ಕದಲ್ಲೇ ಇರುವುದು. ಅಪ್ಪನ ಸಿಟ್ಟು ಅವಳಿಗೆ ಗೊತ್ತಿದ್ದದ್ದೇ, ಅದನ್ನು ಅಳೆದುಕೊಂಡೇ ಹೊರಟಿದ್ದಳು. ತಂಗಿಯದನ್ನು ಅಳೆದಿರಲಿಲ್ಲ. ಅವಳೂ ತನ್ನನ್ನು ಬಿಟ್ಟಳೇ? ಇದೊಂದು ತಿಳಿಯದೆ ಅನ್ನಪೂರ್ಣಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅನ್ನಕ್ಕಿಟ್ಟು ಬಾಗಿಲಿಗೆ ಬರುವಳು, ಬಾಗಿಲಿಂದ ಮತ್ತೆ ಒಲೆಗೆ.

ಬೆಳಿಗ್ಗೆ ಕೊರಿಯರ್ ಆಫೀಸಿಗೆ ಹೊರಟ ಚಿದಾನಂದ ಬೂಟು ಕಟ್ಟುತ್ತ ಅಂದಿದ್ದ: “ಇವತ್ತೂ ಹೊಂಟೀಯೇನು? ಮಾತಾಡೂದಿದ್ರ ಆಕಿನ ಮಾತಾಡ್ತಾಳ ತಗಿ. ಚಿತ್ರದಾಗ ಹುಡುಕಿದ್ರ ಮನಷ್ಯಾರು ಸಿಗ್ತಾರನು?”

“ಸಿಗಲಿಲ್ಲಂದ್ರ ಸಿಗಲಿಲ್ಲ. ನಿಮಗ ಸಾರು ಮಾಡಿಟ್ಟ ಹೋಗಾಕಿ ನಾ.”

“ಸಾರಿನ ಮಾತಲ್ಲ ಮಾರಾಯ್ತಿ,” ಎಂದು ಅವನು ನಗಲು ನೋಡಿದ. ಅವಳು ನಗಲಿಲ್ಲ.

ಹುಡುಕುವ ದಾರಿಯೊಂದನ್ನು ಅವಳು ಕಂಡುಕೊಂಡಿದ್ದಳು. ಅವರ ಅಜ್ಜಿ ಕೆಂಚವ್ವನಿಗೆ ದೀಪ ಹಚ್ಚಿದ ಮೇಲೆ ಎಷ್ಟೋ ವಸ್ತುಗಳ ಹೆಸರು ನಿಷಿದ್ಧ. ಹಾವನ್ನು ಹಾವು ಅನ್ನುವಂತಿರಲಿಲ್ಲ, ಹುಳ ಅನ್ನಬೇಕು. ದೀಪ ಆರಿತು ಅನ್ನದೆ ದೊಡ್ಡದಾಯಿತು ಅನ್ನಬೇಕು. ಇವು ಎಷ್ಟೋ ಮನೆಗಳಲ್ಲಿ ಇರುವವೇ. ಆದರೆ ಗೂಬೆಗೆ ಕೆಂಚವ್ವ ತಾನೇ ಒಂದು ಹೆಸರು ಕಟ್ಟಿದ್ದಳು, ದೊಡ್ಡಕಣ್ಣವ್ವ. ಹಿತ್ತಲ ಬೇವಿನ ಮರದಲ್ಲಿ ಅದು ಕೂಗಿದರೆ ಮೊಮ್ಮಕ್ಕಳಿಬ್ಬರ ಬಾಯಿಗೂ ಕೈ ಅಡ್ಡ ಇಟ್ಟು, “ಹೆಸರು ತಗೀಬ್ಯಾಡ್ರವಾ, ಕೇಳಿಸಿಕೊಂಡ್ರ ಕರದ್ರಂತ ಮನಿಗೆ ಬರ್ತೈತಿ,” ಅನ್ನುತ್ತಿದ್ದಳು. ಹೆಸರೆತ್ತದಿದ್ದರೂ ಆ ಮನೆಯಲ್ಲಿ ಹೆಚ್ಚು ಮಾತು ಆ ಹಕ್ಕಿಯದೇ.

ಹೀಗಾಗಿ ಅನ್ನಪೂರ್ಣ ಎಲ್ಲರಂತೆ ಬರೆಯುವುದನ್ನು ಬಿಟ್ಟು, ಒಂದೊಂದು ಚಿತ್ರಕ್ಕೂ ಮನೆಯ ಪದವನ್ನೇ ಬರೆಯುತ್ತಿದ್ದಳು. ಆ ಕಡೆಯವರು ಕಾದು ಕಾದು ‘ಬಿಡೋಣ’ ಒತ್ತುತ್ತಿದ್ದರು. ಒಮ್ಮೆ ಹಾವಿನ ಚಿತ್ರಕ್ಕೆ ‘ಹುಳ’ ಅಂತ ಬರೆದಾಗ ಹಸಿರು ಹತ್ತಿತ್ತು. ಮುಂದಿನ ಚಿತ್ರಕ್ಕೆ ನೋಡದೆಯೇ ‘ಶ್ವೇತಾ’ ಎಂದು ಬರೆದಳು. ಆ ಕಡೆಯವರು ‘ಬಿಡೋಣ’ ಅಂದರು. ಯಾರೋ ಏನೋ, ಅವರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು.

ಅವತ್ತು ಮೊದಲು ಒಂದು ರೈಲು ಬಂತು, ಹೋಯಿತು. ಹಲಸಿನ ಹಣ್ಣು ಬಂತು. ಜೊತೆಗಾರರು ಬದಲಾದರು. ಪಿಳ್ಳಣ್ಣ ಯಾರಿಗೋ ರೆಸ್ಯೂಮೆ ಪ್ರಿಂಟ್ ತೆಗೆದು, “ಫೋಟೋ ಅಂಟ್ಸಿ ಮಗಾ, ಫೋಟೋ ಇಲ್ದೆ ಯಾರ್ ಕೊಡ್ತಾರೆ ಕೆಲ್ಸ,” ಅನ್ನುತ್ತಿದ್ದ. ಆಗ ಪರದೆಯ ತುಂಬ ಎರಡು ಹಳದಿ ಕಣ್ಣು ತೆರೆದವು.

ಗೂಬೆ.

ಆ ಕಡೆಯ ಎಣಿಕೆ ಆಗಲೇ ಒಂದು ತೋರಿಸುತ್ತಿತ್ತು. ಅನ್ನಪೂರ್ಣ ಒಂದೊಂದೇ ಅಕ್ಷರ ಒತ್ತಿದಳು. ದೊಡ್ಡಕಣ್ಣವ್ವ.

ಹಸಿರು ಹತ್ತಿತು.

ಒಂದೇ ಪದ. ಆ ಕಡೆ ಕುಳಿತವರು ಗೂಬೆ ಅಂದಿರಲಿಲ್ಲ, ಹಕ್ಕಿ ಅಂದಿರಲಿಲ್ಲ. ಮೊದಲಿಗೇ ಬರೆದದ್ದು ಅದು. ಅಂದರೆ ಅವಳೂ ಹುಡುಕುತ್ತಿದ್ದಾಳೆ. ಇಲ್ಲ, ಹಾಗೇ ಬಾಯಿಗೆ ಬಂತೋ? ಯೋಚಿಸಲು ಬಿಡದೆ ಮುಂದಿನ ಚಿತ್ರ ಬಂದಿತ್ತು: ನಲ್ಲಿಯ ಕೆಳಗೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು, ಬೇರೇನಿಲ್ಲ.

‘ಶ್ವೇತಾ’ ಎಂದು ಬರೆದಳು.

ಎಣಿಕೆ ಸೊನ್ನೆಯಲ್ಲೇ ಇತ್ತು. ಎದ್ದು ಹೋದಳೇ? ಅಕ್ಕನೇ ಎಂದು ಗೊತ್ತಾಗಿ ಮುಖ ತಿರುವಿದಳೇ, ಬಸ್‌ಸ್ಟ್ಯಾಂಡಿನಲ್ಲಿ ತಿರುವಿದ ಹಾಗೆ? ಅನ್ನಪೂರ್ಣ ಕುರ್ಚಿಯ ತುದಿಗೆ ಸರಿದಳು. ಆಗ ಸೊನ್ನೆ ಒಂದಾಯಿತು. ಹಸಿರು ಹತ್ತಲಿಲ್ಲ.

ಅಷ್ಟರಲ್ಲಿ ಫ್ಯಾನು ನಿಂತಿತು. ಟ್ಯೂಬ್‌ಲೈಟು ಹೋಯಿತು. ಮೇಜಿನ ಕೆಳಗೆ ಬ್ಯಾಟರಿ ಪೆಟ್ಟಿಗೆ ಕೀಂ ಕೀಂ ಅನ್ನತೊಡಗಿತು.

“ಹೋಯ್ತಪ್ಪಾ ಕರೆಂಟು! ಎಲ್ರೂ ಸೇವ್ ಮಾಡ್ಕೊಳಿ, ಬ್ಯಾಟ್ರಿ ವೀಕು, ಆಫ್ ಮಾಡ್ತೀನಿ!”

“ಅಣ್ಣಾ, ಸ್ವಲ್ಪ ತಡೀರಿ!”

“ಆಟ ತಾನೇ ಮೇಡಂ, ನಾಳೆ ಆಡೋರಂತೆ.”

“ತಡೀರಿ ಅಂದೆ!”

ಆ ದನಿಗೆ ಪಿಳ್ಳಣ್ಣ ಸ್ವಿಚ್ಚಿನತ್ತ ಚಾಚಿದ್ದ ಕೈ ಹಿಂದಕ್ಕೆ ತೆಗೆದ. ಅವಳು ‘ತಂಗಿ’ ಎಂದು ಬರೆದಳು. ಆಗಲಿಲ್ಲ. ‘ಬಕೆಟ್’ ಎಂದು ಬರೆದಳು. ಆಗಲಿಲ್ಲ. ಆ ಕಡೆಯ ಎಣಿಕೆ ಒಂದೇ. ‘ಬಿಡೋಣ’ ಅಂದಿಲ್ಲ, ಇನ್ನೊಂದು ಪದವನ್ನೂ ಬರೆದಿಲ್ಲ. ಒಂದೇ ಮಾತು ಹೇಳಿ ಸುಮ್ಮನೆ ಕೂತಿದ್ದಾಳೆ. ಚಿಕ್ಕಂದಿನಿಂದಲೂ ಅವಳು ಹಾಗೆಯೇ, ಹಟ ಹಿಡಿದರೆ ಎರಡನೆಯ ಮಾತಿಲ್ಲ.

ಅನ್ನಪೂರ್ಣಳಿಗೆ ಆಗ ತಟ್ಟಿತು. ತಾನು ಇಲ್ಲಿಂದ ಅವಳನ್ನು ಕೂಗುತ್ತಿದ್ದೇನೆ. ಅವಳು ಅಲ್ಲಿಂದ ತನ್ನನ್ನು ಕೂಗುತ್ತಿದ್ದಾಳೆ. ಎರಡು ಕೂಗು ಒಂದಾಗುವುದು ಹೇಗೆ? ತಾನು ತನ್ನದೇ ಹೆಸರು ಬರೆಯಬೇಕು. ‘ಅನ್ನಪೂರ್ಣ’ ಎಂದು ಬರೆದಳು.

ಆಗಲಿಲ್ಲ.

“ಮೇಡಂ, ಸಿಸ್ಟಂ ಸುಟ್ಟೋದ್ರೆ ಕಷ್ಟ...”

ಹಾಗಾದರೆ ಹೆಸರು ನಿಜವಾಗಿಯೂ ಮನೆಯಿಂದ ಹೋಗಿಬಿಟ್ಟಿತೇ? ಆದರೆ ಶ್ವೇತಾ ಯಾವತ್ತು ತನ್ನನ್ನು ಹೆಸರು ಹಿಡಿದು ಕರೆದಿದ್ದಳು? ತೊದಲು ಮಾತಿನಿಂದಲೂ ಒಂದು ದಿನವೂ ಇಲ್ಲ. ಅಪ್ಪ ಅನ್ನಬಾರದು ಅಂದದ್ದು ಹೆಸರನ್ನು. ಆ ಹೆಸರನ್ನು ತಂಗಿ ಎಂದೂ ಅಂದವಳೇ ಅಲ್ಲ.

‘ಅಕ್ಕ’ ಎಂದು ಬರೆದಳು.

ನೀಲಿ ಬಕೆಟ್ಟಿನ ಕೆಳಗೆ ಹಸಿರು ಹತ್ತಿತು. ಅಕ್ಕ. ಮುಂದಿನ ಚಿತ್ರ ಅರ್ಧ ಬಿಚ್ಚಿಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು.

“ನಾನಲ್ಲ ಮೇಡಂ! ಆಣೆಗೂ ನಾನ್ ಆಫ್ ಮಾಡಿಲ್ಲ, ಬ್ಯಾಟ್ರಿನೇ ಸತ್ತೋಯ್ತು,” ಎಂದು ಪಿಳ್ಳಣ್ಣ ಎರಡೂ ಕೈ ಎತ್ತಿದ. ಅವಳ ಮುಖ ನೋಡಿ ಸ್ವಲ್ಪ ಮೆತ್ತಗಾದ. “ಪಾಯಿಂಟ್ ಬಂತಾ?”

“ಬಂತು ಅಣ್ಣಾ.”

“ಅಬ್ಬಾ! ಸಖತ್.”

ಅವಳು ಏಳಲಿಲ್ಲ. ಟೈಪ್ ಮಾಡುವಾಗ ಶ್ವೇತಾಳಿಗೆ ಪ್ರತಿ ಪದವನ್ನೂ ಬಾಯಿಬಿಟ್ಟು ಅನ್ನುವ ಅಭ್ಯಾಸ. ಎಷ್ಟು ಬೈದರೂ ಬಿಟ್ಟಿರಲಿಲ್ಲ. ಊರಿನ ಸೈಬರಿನಲ್ಲಿ ಪಕ್ಕ ಕೂತವರು ಆ ‘ಅಕ್ಕ’ವನ್ನು ಕೇಳಿಸಿಕೊಂಡಿರಬೇಕು. ಈಗ ಅವಳು ಅಲ್ಲಿ ಮುಂದಿನ ಚಿತ್ರದೆದುರು ಕೂತು, ಅಕ್ಕ ಯಾಕೆ ಏನೂ ಬರೆಯುತ್ತಿಲ್ಲ ಎಂದು ನೋಡುತ್ತಿರಬೇಕು. ಮತ್ತೆ ಬಿಟ್ಟು ಹೋದಳು ಅಂದುಕೊಂಡರೆ?

“ಕರೆಂಟು ಯಾವಾಗ ಬರ್ತೈತಿ ಅಣ್ಣಾ?”

“ಹೇಳೋಕಾಗಲ್ಲ. ಹೋಗಿ, ಕಾಫಿ ಗೀಫಿ ಕುಡ್ಕೊಂಡ್ ಬನ್ನಿ.”

“ಬ್ಯಾಡ. ಇಲ್ಲೇ ಕುಂತಿರ್ತೀನಿ,” ಎಂದಳು ಅನ್ನಪೂರ್ಣ. ಕಪ್ಪು ಪರದೆಯ ಮುಂದೆ ಬೆರಳುಗಳನ್ನು ಕೀಲಿಗಳ ಮೇಲೆಯೇ ಇಟ್ಟುಕೊಂಡು ಕುಳಿತಳು.