ಪರದೆ ಹಿಂದಿನ ಸಾಹೇಬ

"ನಿನ್ನಂಥವಳನ್ನ ಬ್ಯಾಂಕಿನ ಗೇಟ್ ಕಾಯೋನೂ ಒಳಗೆ ಬಿಡಲ್ಲ. ನಾನು ನಿನ್ನ ಬಾಗಿಲಿಗೇ ಸಾಲ ತಂದ್ರೆ ನನಗೇ ಪ್ರಶ್ನೆ ಕೇಳ್ತೀಯಾ?"

ಪರದೆಯ ಹಿಂದಿನಿಂದ ಹೀಗೆ ಗುಡುಗಿದ ಸಾಲದ ಸಾಹೇಬ ಆಗ ಕೊರಳಿಗೆ ಟೈ ಕಟ್ಟಿದ್ದ, ಸೊಂಟಕ್ಕೆ ಇಸ್ತ್ರಿಯಕ್ಕನ ತೂತುಬಿದ್ದ ಟವೆಲ್ ಸುತ್ತಿದ್ದ. ಅವನ ಪ್ಯಾಂಟು ಇಸ್ತ್ರಿ ಮೇಜಿನ ಮೇಲಿತ್ತು. ಇರುವುದೊಂದೇ ಒಳ್ಳೆಯ ಪ್ಯಾಂಟು ಎನ್ನುವವರು ಅಂಗಡಿ ಮೂಲೆಯ ಪರದೆ ಹಿಂದೆ ನಿಂತು ಕಾಯುವುದು ಅಲ್ಲಿ ಮೊದಲಿನಿಂದಲೂ ನಡೆದುಬಂದ ರೂಢಿ. ಲಕ್ಷ ಲಕ್ಷ ಹಂಚುವ ಸಾಹೇಬನೂ ನಿಂತಿದ್ದ, ಅದೂ ಬಿಟ್ಟಿ ಇಸ್ತ್ರಿಗೆ.

ಇಸ್ತ್ರಿಯಕ್ಕನ ಕೈಯೆಂದರೆ ಸಾಮಾನ್ಯವಲ್ಲ. ಅವಳು ಕೂರಿಸಿದ ಗೆರೆಯಲ್ಲಿ ಗಡ್ಡ ಹೆರೆಯಬಹುದಿತ್ತು. ಅವಳು ಒತ್ತಿದ ಅಂಗಿ ತೊಟ್ಟರೆ ಕಳ್ಳನಿಗೂ ಪೊಲೀಸ್ ಸೆಲ್ಯೂಟ್ ಹೊಡೆಯುತ್ತಿದ್ದ. ಅಂಥವಳಿಗೆ ಅಂಗಡಿ ಮಾಲೀಕ, ತಿಂಗಳೊಳಗೆ ಹೊಸ ಅಡ್ವಾನ್ಸ್ ಇಡು, ಇಲ್ಲಾ ಗಂಟುಮೂಟೆ ಕಟ್ಟು ಎಂದಿದ್ದ. ಬ್ಯಾಂಕಿನವರು ಮುಖವನ್ನೂ ನೋಡದೆ ಆಗಲ್ಲ ಎಂದಿದ್ದರು. ಮರುದಿನವೇ ವಕ್ಕರಿಸಿದವನು ಈ ಸಾಹೇಬ. ಒಂದು ಲಕ್ಷ ಸಾಲ, ಜಾಮೀನು ಬೇಡ, ಯಾರಿಗೂ ಇಲ್ಲವೆನ್ನುವುದಿಲ್ಲ. ಮೊದಲು ಆರು ಸಾವಿರ ಫೈಲ್ ಖರ್ಚು ಕಟ್ಟಬೇಕು, ನಾಳೆಯಾದರೆ ಸ್ಕೀಮೇ ಮುಗಿಯಿತು. ಅವಳ ಡಬ್ಬಿಯಲ್ಲಿ ಇದ್ದದ್ದೇ ಆರು ಸಾವಿರ. ಅದನ್ನು ಸಾಲದಲ್ಲೇ ಹಿಡಿದುಕೊಂಡು ಉಳಿದದ್ದು ಕೊಡಬಾರದೇ ಎಂದು ಅವಳು ಕೇಳಿದ್ದಳು. ಅಷ್ಟಕ್ಕೇ ಪರದೆ ಹಾಗೆ ಗುಡುಗಿತ್ತು.

ಪ್ಯಾಂಟು ತಿರುಗಿಸುವಾಗ ಹಿಂದಿನ ಜೇಬಿನಲ್ಲಿ ಮಡಚಿದ ಕಾಗದವೊಂದು ಕೈಗೆ ತಗುಲಿತು. ಗಿರಾಕಿಯ ಜೇಬಿನದ್ದನ್ನು ಪಕ್ಕಕ್ಕಿಡಬೇಕು, ಬಿಚ್ಚಬಾರದು. ಅದು ಅವಳ ಅತ್ತೆ ಹಾಕಿಕೊಟ್ಟ ನಿಯಮ. ಮೂವತ್ತು ವರ್ಷದಲ್ಲಿ ಮೂರು ಸಾವಿರ ಪ್ರೇಮಪತ್ರಗಳು ಅವಳ ಕೈದಾಟಿದ್ದವು. ಒಂದರ ಒಂದಕ್ಷರವನ್ನೂ ಅವಳು ಓದಿರಲಿಲ್ಲ. ಈ ಕಾಗದ ಮಾತ್ರ ಮೇಜಿನ ಬಿಸಿಗೆ ತಾನಾಗಿಯೇ ಬಿಚ್ಚಿಕೊಂಡಿತೋ, ಬೆರಳೂ ಒಂಚೂರು ನೆರವಾಯಿತೋ, ಕಂಡವರಿಲ್ಲ.

ಆಸ್ಪತ್ರೆ ಆಯಾ: ಫೈಲ್ ಖರ್ಚು ಕೊಟ್ಟಾಯ್ತು, ಇನ್ನು ಫೋನ್ ಎತ್ತಬಾರದು. ಗ್ಯಾರೇಜಿನ ಕುಂಟ: ಎರಡು ಸಲ ಕೊಟ್ಟ, ಮೂರನೇ ಸಲ ಕೇಳಬಹುದು. ಗಾರೆ ಹೆಂಗಸು: ಓಲೆ ಮಾರಿ ಕೊಟ್ಟಳು. ಇಸ್ತ್ರಿಯವಳು: ಇವತ್ತು. ಬೈದರೆ ಬಗ್ಗುತ್ತಾಳೆ.

ಎಲ್ಲರ ಮುಂದೆಯೂ ಫೋನ್ ನಂಬರು. ಎಲ್ಲರೂ ಅದೇ ಬೀದಿಯವರು, ದಿನಾ ಅವಳ ಅಂಗಡಿ ಮುಂದೆ ಹಾಯುವವರು. ಇಡೀ ಲೋಕದಲ್ಲಿ ದಡ್ಡತನ ತಮ್ಮೊಬ್ಬರದೇ ಪಾಲು ಎಂದುಕೊಂಡು ಒಬ್ಬರೂ ತುಟಿ ಬಿಚ್ಚಿರಲಿಲ್ಲ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು. ಫೋನು ಹಿಡಿದು ಬೀದಿಗಿಳಿದಳು.

"ನಿನ್ನ ಸಾಲದ ಸಾಹೇಬ ನನ್ನಂಗಡೀಲಿದ್ದಾನೆ. ಪ್ಯಾಂಟಿಲ್ಲ. ಬೇಗ ಬಾ."

ಇದೇ ಮಾತನ್ನು ಮೂವರಿಗೂ ಹೇಳಿ ಒಳಗೆ ಬಂದಳು. ಒಂದು ಪ್ಯಾಂಟಿಗೆ ಎಷ್ಟು ಹೊತ್ತು ಎಂದು ಪರದೆ ರೇಗಿತು.

"ಗೆರೆ ಕೂತಿಲ್ಲ ಸಾರ್. ನಿಮ್ಮಂಥ ದೊಡ್ಡ ಮನುಷ್ಯರ ಗೆರೆ ಬೇಗ ಕೂರಲ್ಲ."

ಮೂವರಿಗೆ ಹೇಳಿದರೆ ಅರ್ಧ ಪೇಟೆಯೇ ಬಂತು. ಉಳಿದರ್ಧ ಜಾಗ ಸಾಲದೆ ಎದುರಿನ ಗೋಡೆ ಹತ್ತಿ ಕೂತಿತು. ಅಕ್ಕ ಕಾಗದವನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿದಳು, ತನ್ನ ಸಾಲನ್ನೂ ಬಿಡದೆ. ಆಯಾ ಗಾರೆಯವಳ ಮುಖ ನೋಡಿದಳು, "ನೀನೂನಾ?" ಎಂದಳು. ಗಾರೆಯವಳು ತಲೆಯಾಡಿಸಿದಳು. ಅಕ್ಕ ಪ್ಯಾಂಟನ್ನು ನೀಟಾಗಿ ಮಡಚಿ ಗ್ಯಾರೇಜಿನವನ ಊರುಗೋಲಿಗೆ ನೇತುಹಾಕಿದಳು. ಅವನು ಅದನ್ನು ಬಾವುಟದಂತೆ ಎತ್ತಿ ಹಿಡಿದ.

"ಏನ್ಲಾ ಬೇವರ್ಸಿ ನನ್ಮಗನೇ, ಮೂರನೇ ಸಲ ಕೇಳ್ಬೇಕಿತ್ತಲ್ಲ. ಕೇಳು ಈಗ."

ಪರದೆಯ ಅಂಚಿನಿಂದ ಒಂದು ಕೈ ಹೊರಬಂತು. ಕೈಯಲ್ಲಿ ಉಬ್ಬಿದ ಪರ್ಸಿತ್ತು.

"ಅಮ್ಮಾ, ಎಲ್ಲಾ ತಗೊಳ್ಳಿ. ಪ್ಯಾಂಟೊಂದು ಕೊಟ್ಬಿಡಿ."

ಯಾರೂ ಅದನ್ನು ಮುಟ್ಟಲಿಲ್ಲ. ಗಾರೆಯವಳು ಸಿಮೆಂಟು ಮೆತ್ತಿದ ಕೈಯಲ್ಲಿ ತನ್ನ ಬೋಳು ಕಿವಿಯನ್ನು ಸವರಿಕೊಂಡಳು.

"ಹೊರಗೆ ಬಂದು ಕೊಡೋ," ಎಂದಳು.