ಕೆಂಪು ಗುರುತಿಗೆ ಹೆದರಿದ ಮನೆ

ಆ ವರ್ಷ ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ಕೆಂಪು ಬಣ್ಣ ಕಂಡರೆ ಸಾಕು, ಜನರ ಎದೆ ಧಸಕ್ಕೆನ್ನುತ್ತಿತ್ತು. ರಸ್ತೆ ಅಗಲ ಮಾಡುವವರು ಗೋಡೆಗೆ ಕೆಂಪು ಗೀಟು ಎಳೆದರೆಂದರೆ ಹಿಂದೆಯೇ ಮನೆ ಕೆಡವಲು ಜೆಸಿಬಿ ಬಂತೆಂದು ಲೆಕ್ಕ. ಅಂಥ ಹೊತ್ತಿನಲ್ಲಿ ಮೇಲಿನ ಕೇರಿಯ ಸರಸ, ಸ್ವಸಹಾಯ ಸಂಘದವಳು, ಕೆಂಪು ಬಣ್ಣದ ಡಬ್ಬಿ ಹಿಡಿದು ಅಂಗಳಕ್ಕೇ ಬಂದರೆ ಕೆಳಗಿನ ಪೇಟೆಯ ರುಖಿಯಮ್ಮನಿಗೆ ಹೇಗಾಗಬೇಡ!

ಅವರು ಮೊದಲು ಒಳಕೋಣೆಯ ಬಾಗಿಲು ಎಳೆದುಕೊಂಡರು. ಒಳಗೆ ಗಂಡ ಅಬ್ದುಲ್ ಸಮದ್ ಮಲಗಿದ್ದರು. ಪಾರ್ಶ್ವವಾಯು ಬಡಿದು ಕಾಲು ಸೋತಿತ್ತು. ಮಂಗಳೂರಿನ ಆಸ್ಪತ್ರೆಯಿಂದ ಮೊನ್ನೆಯಷ್ಟೇ ಕರೆತಂದದ್ದು.

“ನೆರೆ ಬಂದರೆ ಎತ್ತಿಕೊಂಡು ಹೋಗಬೇಕಾದವರು ಯಾರಾದ್ರೂ ಇದ್ದಾರಾ ರುಖಿಯಮ್ಮ? ಅಂಥ ಮನೆಗೆ ಗುರುತು ಹಾಕ್ತೇವೆ. ದೋಣಿ ಮೊದಲು ಅಲ್ಲಿಗೇ ಬರ್ತದೆ.”

“ಗುರುತು ಹಾಕಿದ ಮೇಲೆ ಏನು ಬರ್ತದೆ ಅಂತ ನಮಗೆ ಗೊತ್ತುಂಟು ಸರಸಕ್ಕ.”

“ಅಯ್ಯೋ ಮಾರಾಯ್ರೆ, ಅದು ರಸ್ತೆಯವರದ್ದು. ಇದು ನಮ್ಮ ಸಂಘದ್ದು.”

“ಬಣ್ಣ ಒಂದೇ ಅಲ್ವಾ?”

“ನಿಮ್ಮ ಯಜಮಾನ್ರು, ಸಮದಾಕ, ಹೇಗಿದ್ದಾರೆ?”

“ಹುಷಾರಾಗಿದ್ದಾರೆ. ಮೀನು ತರ್ಲಿಕ್ಕೆ ಹೋಗಿದ್ದಾರೆ.”

ಸರಸ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. “ಸರಿ. ನೀರು ಮೊದಲು ಯಾವ ಕಡೆಯಿಂದ ಬರ್ತದೆ, ಅದಾದ್ರೂ ಹೇಳಿ.”

“ನನಗೆ ಗೊತ್ತಿಲ್ಲ.”

ಗೊತ್ತಿಲ್ಲವಂತೆ! ಎಪ್ಪತ್ತನಾಲ್ಕನೇ ಇಸವಿಯ ದೊಡ್ಡ ನೆರೆಯನ್ನೇ ಕಂಡ ಹೆಂಗಸು. ನೇತ್ರಾವತಿ ಹೊಳೆ ಮುಂಬಾಗಿಲಿಗೆ ಬರುವ ಮೊದಲೇ ಮನೆ ಹಿಂದಿನ ತೋಡು, ಆ ಸಣ್ಣ ಹಳ್ಳ, ಉಕ್ಕಿ, ಹೊರಗೆ ಹೋಗುವ ದಾರಿಯನ್ನು ನುಂಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ‘ಇದು ಮುಳುಗುವ ಜಾಗ’ ಎಂದು ನಮ್ಮನ್ನು ಇಲ್ಲಿಂದ ಎಬ್ಬಿಸಿಬಿಟ್ಟರೆ? ಬಣ್ಣದ ಡಬ್ಬಿ ಗೇಟು ದಾಟಿದ ಮೇಲೆಯೇ ಅವರು ಉಸಿರು ಬಿಟ್ಟದ್ದು.

ಆಟಿ, ಅಂದರೆ ಆಷಾಢ ತಿಂಗಳಲ್ಲಿ ಘಟ್ಟದ ಮೇಲೆ ಮಳೆ ಜಡಿಯಿತು. ಬೆಳಿಗ್ಗೆ ಚಾ ಕುಡಿಯುವಷ್ಟರಲ್ಲಿ ತೋಡು ಉಕ್ಕಿತು, ದಾರಿ ಹೋಯಿತು. ನೀರು ಅಂಗಳ ದಾಟಿ ಒಳಕೋಣೆಗೆ ನುಗ್ಗಿತು. ರುಖಿಯಮ್ಮ ಒಬ್ಬರೇ ಗಂಡನನ್ನು ಎತ್ತಲು ನೋಡಿದರು, ಆಗಲಿಲ್ಲ.

ಹೊರಗೆ ಸರಸಳಿದ್ದ ದೋಣಿ ಬಂತು. ಕೆಂಪು ಗುರುತು ಹಾಕಿಸಿಕೊಂಡಿದ್ದ ಪಕ್ಕದ ಮನೆಯ ಜುಲೈಕಾಳ ಅತ್ತೆಯನ್ನು ಕೂರಿಸಿಕೊಂಡು ಇವರ ಬಾಗಿಲು ದಾಟಿ ಹೊರಟೇಬಿಟ್ಟಿತು.

“ಸರಸಕ್ಕಾ, ಇಲ್ಲಿ!”

“ನೀವು ಅಟ್ಟ ಹತ್ತಿ ರುಖಿಯಮ್ಮ! ನಡೀಲಿಕ್ಕೆ ಆಗದವರನ್ನು ಮೊದಲು ಸಾಗಿಸ್ತೇವೆ!”

“ಇವರಿಗೂ ಆಗುವುದಿಲ್ಲ! ನಾನು ಸುಳ್ಳು ಹೇಳಿದ್ದು ಸರಸಕ್ಕಾ!”

ಕೇರಿಯೆಲ್ಲ ಕೇಳುವಂತೆ ಕೂಗಿದರು. ನಾಚಿಕೆ ಯಾರಿಗೆ ಬೇಕು ಆಗ! ಆದರೆ ದೋಣಿ ತುಂಬಿತ್ತು. ಅದು ತಿರುಗಿ ಬರುವಷ್ಟರಲ್ಲಿ ಮಂಚದ ಹಾಸಿಗೆ ನೀರಲ್ಲಿ ತೇಲುತ್ತಿತ್ತು. ರುಖಿಯಮ್ಮ ಗಂಡನ ತಲೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು.

ದೋಣಿ ಅವರಿಬ್ಬರನ್ನೂ ಶಾಲೆಯ ಜಗಲಿಗೆ ತಲುಪಿಸಿದ ಮೇಲೆ ಸಮದ್ ತೊದಲುತ್ತಾ ಕೇಳಿದ್ದು ಒಂದೇ ಮಾತು: “ನನ್ನನ್ನು ಯಾರಿಗೆ ಹೆದರಿ ಅಡಗಿಸಿದ್ದು?”

ರುಖಿಯಮ್ಮ ಗೊಳೋ ಎಂದು ಅತ್ತರು. ಆಮೇಲೆ ಸರಸಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಡಿನ ವಿಷಯವೆಲ್ಲ ಹೇಳಿದರು. ಈಗ ಮಳೆಗಾಲ ಬಂತೆಂದರೆ ದೋಣಿಯೂ ಹಗ್ಗವೂ ಆ ತೋಡಿನ ಬದಿಯಲ್ಲೇ ಸಿದ್ಧವಿರುತ್ತವೆ.

ಅಕ್ಕಂದಿರೇ, ಅಣ್ಣಂದಿರೇ, ನೆರೆಯ ವಿಷಯ ಕೇಳಲು ಬಂದವರ ಮೇಲೆ ಸಂಶಯವೇ? ಯಾರು, ಯಾಕೆ ಎಂದು ಬಾಯಿಬಿಟ್ಟು ಕೇಳಿ. ಪುರಸಭೆಗೋ ಪಂಚಾಯತಿಗೋ ಹೋಗಿ ವಿಚಾರಿಸಿ. ನಿಜವೆಂದು ತಿಳಿದ ಮೇಲೆ ಎಲ್ಲವನ್ನೂ ಹೇಳಿ: ನೀರು ಬರುವ ದಾರಿ, ಮನೆಯ ಬಸುರಿ, ಬಾಣಂತಿ, ಹಾಸಿಗೆ ಹಿಡಿದವರು. ನೀವು ಅಡಗಿಸಿಟ್ಟವರನ್ನು ದೋಣಿ ಹುಡುಕಿಕೊಂಡು ಬರುವುದಿಲ್ಲ, ನೀರು ಬರುತ್ತದೆ.