ಮೊಣಕಾಲಿನಿಂದ ನೆತ್ತಿಗೆ

ನಮ್ಮ ಕಟ್ಟಡದ ನೀರಿನ ಟ್ಯಾಂಕು ನಾಲ್ಕನೇ ಮಹಡಿಯ ತಲೆಯ ಮೇಲೇ ಕೂತಿದೆ. ಆದರೂ ನೀರು ಮೊದಲು ಕೈಕೊಡುತ್ತಿದ್ದದ್ದು ನಾಲ್ಕನೇ ಮಹಡಿಗೇ. ಕೆಳಗಿನ ನಲ್ಲಿಗಳಿಗೆ ರಭಸ ಹೆಚ್ಚು. ಅವು ಬಾಯಿ ತೆರೆದರೆ ಮೇಲಿನವು ಬರೀ ನಿಟ್ಟುಸಿರು ಬಿಡುತ್ತಿದ್ದವು. “ಟ್ಯಾಂಕಿಗೆ ನಾವೇ ಹತ್ತಿರದ ನೆಂಟರು. ಹತ್ತಿರದ ನೆಂಟರಿಗೆ ಯಾರಾದ್ರೂ ಏನಾದ್ರೂ ಕೊಡೋದುಂಟಾ?” ಎನ್ನುತ್ತಿದ್ದರು ಅಲ್ಲಿ ವಾಸವಾಗಿದ್ದ ಅತ್ತೆ.

ಅವರು ನಿಜಕ್ಕೂ ಅತ್ತೆಯಾಗಿದ್ದದ್ದು ಒಬ್ಬಳಿಗೆ ಮಾತ್ರ. ಆದರೆ ಆ ದನಿಯ ಮುಂದೆ ಇಡೀ ಕಟ್ಟಡವೇ ಸೊಸೆಯಾಗಿಬಿಡುತ್ತಿದ್ದುದರಿಂದ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ಅತ್ತೆಯದು ನೂಲಿಗೆ ಬಣ್ಣ ಹಾಕುವ ಕೆಲಸ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ದೊಡ್ಡ ಹಂಡೆಗಳು, ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳುಗಳು, ಅವುಗಳ ಮೇಲೆ ತೊಟ್ಟಿಕ್ಕುವ ನೂಲಿನ ಲಡಿಗಳು. ಬಣ್ಣದಿಂದ ಎತ್ತಿದ ನೂಲನ್ನು ಕೂಡಲೇ ಧಾರಾಳ ನೀರಿನಲ್ಲಿ ಜಾಲಿಸಬೇಕು. ನಡುವೆ ನಲ್ಲಿ ನಿಂತಿತೋ, ಬಣ್ಣ ಅಲ್ಲಲ್ಲೇ ಕಚ್ಚಿಕೊಂಡು ನೂಲು ಚಿರತೆಯ ಮೈಯಾಗುತ್ತದೆ. ನೇಯ್ಗೆ ಕಾರ್ಖಾನೆಯ ಮೇಸ್ತ್ರಿ ಅಂಥ ಚಿರತೆಗಳನ್ನು ಒಂದೆರಡು ಸಲ ಸಹಿಸಿಕೊಂಡ. ಆಮೇಲೆ ಬಾಗಿಲಲ್ಲೇ ನಿಂತು ಹೇಳಿದ: “ಅಮ್ಮಾ, ಇನ್ನೊಂದು ಲಡಿ ಹೀಗೆ ಬಂದ್ರೆ ನೂಲು ಬೇರೆ ಕಡೆ ಹೋಗುತ್ತೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.” ನೂಲು ಹೋದರೆ ಹಂಡೆಗಳೂ ಹೋದಂತೆ. ಹಂಡೆಗಳಿಲ್ಲದ ಅತ್ತೆಯನ್ನು ಕಲ್ಪಿಸಿಕೊಳ್ಳಲು ನಮಗೆ ಯಾರಿಗೂ ಧೈರ್ಯವಿರಲಿಲ್ಲ.

ಸೊಸೆ ವಿನ್ಯಾಸಕಿ. ದೊಡ್ಡ ಆಸ್ಪತ್ರೆಗಳಲ್ಲಿ ಜನ ದಾರಿ ತಪ್ಪದಂತೆ ಗೋಡೆಗಳ ಮೇಲೆ ಬಾಣ, ಬಣ್ಣದ ಪಟ್ಟಿ, ಚಿತ್ರಗಳನ್ನು ಹೊಂದಿಸುವುದು ಅವಳ ಕಸುಬು. “ನಮ್ಮ ಸೊಸೆ. ಬಾಣ ಬರೀತಾಳೆ,” ಎಂದು ಅತ್ತೆ ಅವಳನ್ನು ಪರಿಚಯಿಸುವ ಧಾಟಿ, ಕೇಳಿದವರು ‘ಪಾಪ, ಯಾವಾಗಿನಿಂದ?’ ಎನ್ನುವಂತಿರುತ್ತಿತ್ತು.

ಕಟ್ಟಡದ ಸಂಘದ ಅಧ್ಯಕ್ಷರನ್ನು ನಾವು ಸುತ್ತೋಲೆ ಎನ್ನುತ್ತಿದ್ದೆವು. ಯಾವ ಕಷ್ಟ ಬಂದರೂ ಅವರು ಒಂದು ಸೂಚನೆ ಅಂಟಿಸುತ್ತಿದ್ದರು. ನೀರಿನ ಬಗ್ಗೆ ಅಂಟಿಸಿದ ಸೂಚನೆಗಳು ಒಂದರ ಮೇಲೊಂದು ಕೂತು ಮೆಟ್ಟಿಲ ಬಳಿಯ ಗೋಡೆಗೆ ಗಾದಿಯಂತಾಗಿದ್ದವು. ಈಗ ಅವರಿಗೆ ಕಾಗದದ ಮೇಲೆ ನಂಬಿಕೆ ಹೋಗಿ ಬೀಗದ ಮೇಲೆ ಬಂದಿತ್ತು. ಪ್ರತಿ ಮಹಡಿಯ ಕೊಳವೆಗೂ ಬೀಗ, ಬೀಗದ ಕೈ ತಮ್ಮ ಜೇಬಿನಲ್ಲಿ, ಮಹಡಿಗೊಂದು ಗಂಟೆ ನೀರು.

“ಬಣ್ಣ ನಿಮ್ಮ ಗಂಟೆ ನೋಡ್ಕೊಂಡು ಕಚ್ಚುತ್ತಾ?” ಎಂದರು ಅತ್ತೆ.

“ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ.”

“ಒಂದು ವಾರ ಕೊಡಿ,” ಎಂದಳು ಸೊಸೆ. “ಆಗದಿದ್ರೆ ಬೀಗ ಹಾಕಿ.”

ಮರುದಿನದಿಂದ ಅವಳು ಬೆಳಗಾಗುತ್ತಲೇ ಮನೆಮನೆಯ ಅಡುಗೆಮನೆಗೆ ಹೋಗಿ ಮೂಲೆಯಲ್ಲಿ ಕೂತಳು. “ಎದ್ದ ತಕ್ಷಣ ಏನು ಮಾಡ್ತೀರೋ ಅದನ್ನೇ ಮಾಡಿ. ನಾನಿಲ್ಲ ಅಂದ್ಕೊಳ್ಳಿ.” ನೆಲಮಹಡಿಯ ಡ್ರಮ್ಮಮ್ಮನ ಮನೆಯಲ್ಲಿ ಹಾಗಂದುಕೊಳ್ಳುವುದು ಸುಲಭ, ಅಲ್ಲಿ ಡ್ರಮ್ಮುಗಳ ನಡುವೆ ಮನುಷ್ಯರು ಕಾಣುವುದೇ ಅಪರೂಪ. ಡ್ರಮ್ಮಮ್ಮ ಎದ್ದವರೇ ತುಂಬಿದ ಡ್ರಮ್ಮೊಂದನ್ನು ಮೋರಿಗೆ ಬಗ್ಗಿಸಿದರು.

“ಅಯ್ಯೋ, ಯಾಕೆ ಚೆಲ್ತೀರಿ?”

“ನಿನ್ನೇದಲ್ವಾ? ಹಳೇ ನೀರು.”

“ಮತ್ತೆ ನಿನ್ನೆ ಯಾಕೆ ಹಿಡಿದಿಟ್ರಿ?”

“ಸಂಜೆ ಬರಲ್ವಲ್ಲ!”

“ಸಂಜೆ ಯಾಕೆ ಬರಲ್ಲ?”

“ಎಲ್ಲರೂ ಹಿಡಿದಿಟ್ಕೋತಾರಲ್ಲ, ಅದಕ್ಕೇ!” ಎಂದರು ಡ್ರಮ್ಮಮ್ಮ, ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಮೇಲಿನ ಮನೆಗಳಲ್ಲೂ ಇದೇ ಕಥೆ. ಎಲ್ಲರೂ ಹೆದರಿ ತುಂಬಿಸಿಕೊಳ್ಳುವುದು, ಎಲ್ಲರೂ ಬೆಳಗ್ಗೆ ಚೆಲ್ಲುವುದು. ಇಡೀ ಕಟ್ಟಡದಲ್ಲಿ ಹೊಟ್ಟೆತುಂಬ ನೀರು ಕುಡಿಯುತ್ತಿದ್ದದ್ದು ಚರಂಡಿ ಒಂದೇ.

“ನೀರು ಕಡಿಮೆ ಇಲ್ಲ ಅತ್ತೆ,” ಎಂದಳು ಸೊಸೆ. “ನೀರು ಕಾಣಲ್ಲ, ಅಷ್ಟೇ. ಕಾಣದ ಟ್ಯಾಂಕು ಎಲ್ಲರ ಲೆಕ್ಕದಲ್ಲೂ ಖಾಲಿ.”

“ಸರಿ, ಬಾಣ ಬರಿ,” ಎಂದರು ಅತ್ತೆ.

ಅವಳು ಬಾಣ ಬರೆಯಲಿಲ್ಲ. ಟ್ಯಾಂಕಿನೊಳಗೆ ಒಂದು ಮುಚ್ಚಿದ ಡಬ್ಬವನ್ನು ತೇಲಿಬಿಟ್ಟು, ಅದಕ್ಕೆ ಹಗ್ಗ ಕಟ್ಟಿ, ತಾರಸಿಯ ಅಂಚಿನ ರಾಟೆಯ ಮೇಲಿಂದ ಕೆಳಗಿನ ಅಂಗಳದವರೆಗೆ ಇಳಿಬಿಟ್ಟಳು. ಹಗ್ಗದ ತುದಿಗೆ ಡಬ್ಬಕ್ಕಿಂತ ಹಗುರವಾದ ಬಿಳಿ ಚೆಂಡು. ಮೆಟ್ಟಿಲ ಬಾಗಿಲ ಪಕ್ಕದಲ್ಲಿ, ಹೋಗುವವರು ಬರುವವರು ನೋಡದೆ ವಿಧಿಯಿಲ್ಲದ ಜಾಗ. ಟ್ಯಾಂಕಿನಲ್ಲಿ ನೀರು ತಗ್ಗಿ ಡಬ್ಬ ಇಳಿದರೆ ಅಂಗಳದಲ್ಲಿ ಚೆಂಡು ಏರುತ್ತದೆ. ಇದನ್ನು ವಿವರಿಸಿ ಅವಳು ಚೆಂಡಿನ ಪಕ್ಕದಲ್ಲಿ ಒಂದು ಫಲಕವನ್ನೂ ಹಾಕಿದಳು. ಸುತ್ತೋಲೆಯವರಿಗೆ ಫಲಕ ಬಹಳ ಹಿಡಿಸಿತು. ಅದೇ ಅಪಶಕುನ ಎಂದು ಅವಳಿಗೆ ಹೊಳೆಯಬೇಕಿತ್ತು.

ಮೊದಲ ದಿನವೇ ಚೆಂಡು ಸರಸರ ಮೇಲೇರಿತು. ಫಲಕವನ್ನು ಯಾರೂ ಓದಲಿಲ್ಲ. ಚೆಂಡನ್ನು ಎಲ್ಲರೂ ನೋಡಿದರು.

“ನೋಡ್ರೀ, ಟ್ಯಾಂಕು ತುಂಬಿ ತುಳುಕ್ತಿದೆ!” ಎಂದು ಡ್ರಮ್ಮಮ್ಮ ಅಂಗಳದಿಂದ ಸಾರಿದರು. ಕಟ್ಟಡಕ್ಕೆ ಕಟ್ಟಡವೇ ಪರದೆ, ಕಂಬಳಿ, ಕಾಲೊರಸುಗಳನ್ನು ಒಗೆಯಲು ಹಾಕಿತು. ಎರಡನೇ ಮಹಡಿಯವರು ಸ್ಕೂಟರನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೆಂಡು ತುತ್ತತುದಿಯಲ್ಲಿತ್ತು, ನಲ್ಲಿಗಳು ಕೆಮ್ಮುತ್ತಿದ್ದವು.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಅತ್ತೆ ಮೊಣಕಾಲು ನೋವಿನಿಂದಾಗಿ ವಾರಕ್ಕೊಮ್ಮೆ ಮಾತ್ರ ಇಳಿಯುವವರು. ಅಂದು ನೋವು ಮರೆತು ಇಳಿದರು. ಕೈಯಲ್ಲಿ ಅರ್ಧ ಕೆಂಪು, ಅರ್ಧ ಕಲೆಯಾದ ಲಡಿ.

“ನಮೂನೆಗೆ ಅಂತ ನನ್ನದೇ ನೂಲು ಹಾಕಿದ್ದೆ, ಬದುಕಿಕೊಂಡೆ. ಮೇಸ್ತ್ರಿ ನೂಲಾಗಿದ್ರೆ? ಶನಿವಾರ ಬರ್ತಾನೆ ಅವನು! ಯಾವಳೇ ಅದು ತುಂಬಿ ತುಳುಕ್ತಿದೆ ಅಂದವಳು?”

ಅಂಗಳ ಕ್ಷಣದಲ್ಲಿ ಖಾಲಿಯಾಯಿತು. ಡ್ರಮ್ಮಮ್ಮ ಕಿಟಕಿಯ ಹಿಂದಿನಿಂದ ಪಿಸುಗುಟ್ಟಿದರು: “ಪಿತ್ತ ನೆತ್ತಿಗೇರಿದೆ. ಇಳಿಯೋವರೆಗೆ ನಾನು ಆಚೆ ಬರಲ್ಲ, ನಲ್ಲೀನೂ ಮುಟ್ಟಲ್ಲ.”

ಸುತ್ತೋಲೆಯವರೊಬ್ಬರೇ ನಿಂತಿದ್ದರು, ಬೀಗಗಳ ಚೀಲದೊಂದಿಗೆ. “ಇನ್ನೊಂದು ರಾಟೆ ಹಾಕಿದ್ರೆ ಚೆಂಡು ಉಲ್ಟಾ ಹೋಗುತ್ತಲ್ಲಮ್ಮ. ಇಷ್ಟೂ ಹೊಳೀಲಿಲ್ವಾ?” ಎಂದರು ಸೊಸೆಗೆ.

ಸೊಸೆ ಚೆಂಡನ್ನು ನೋಡಿದಳು, ಖಾಲಿ ಅಂಗಳವನ್ನು ನೋಡಿದಳು, ಅತ್ತೆಯನ್ನು ಬಹಳ ಹೊತ್ತು ನೋಡಿದಳು. “ಹಾಕಬಹುದು,” ಎಂದಳು. “ಆಗ ನೀರು ಎಷ್ಟಿದೆ ಅಂತ ತಿಳಿಯುತ್ತೆ. ಆದ್ರೆ ನೀರಿಗೆ ಇಲ್ಲಿ ಯಾರು ಹೆದರ್ತಾರೆ? ಓದಿ ತಿಳ್ಕೋಬೇಕಾದ ಗುರುತು ಗುರುತೇ ಅಲ್ಲ. ನನ್ನ ಕಸುಬಿನ ಮೊದಲನೇ ಪಾಠ ಅದು, ಅದನ್ನೇ ಮರೆತೆ.”

ಫಲಕವನ್ನು ಕಿತ್ತಳು. ಸಂಜೆಯೊಳಗೆ ಚೆಂಡಿನ ಜಾಗಕ್ಕೆ ತಗಡಿನ ಒಂದು ದುಂಡು ತಟ್ಟೆ ಬಂತು. ತಟ್ಟೆಯ ಮೇಲೆ ಒಂದು ಮುಖ: ಗಂಟಿಕ್ಕಿದ ಹುಬ್ಬು, ಅಗಲಿಸಿದ ಕಣ್ಣು, ಬಿಗಿದ ತುಟಿ. ಯಾರ ಮುಖವೆಂದು ಯಾರೂ ಕೇಳಬೇಕಾಗಿರಲಿಲ್ಲ. ಕೇಳಿದವರು ಅತ್ತೆಯೊಬ್ಬರೇ.

“ಇದ್ಯಾರು?”

“ನೀವು.”

“ನನ್ನನ್ನ ಚರಂಡಿ ಪಕ್ಕ ನೇತುಹಾಕ್ತೀಯಾ?”

“ಟ್ಯಾಂಕು ತುಂಬಿದ್ರೆ ನಿಮ್ಮ ಸಿಟ್ಟು ಇಳಿದು ಮೊಣಕಾಲ ಹತ್ರ ಇರುತ್ತೆ. ನೀರು ಖರ್ಚಾದಷ್ಟೂ ಏರುತ್ತೆ. ಕಣ್ಣಿಗೆ ಕಣ್ಣು ಸೇರಿದ್ರೆ ಅರ್ಧ ಆಯ್ತು ಅಂತ. ತಲೆ ಎತ್ತಿ ನೋಡೋ ಹಾಗಾದ್ರೆ…”

“ನಲ್ಲಿ ಮುಚ್ಚಬೇಕು,” ಎಂದು ಅತ್ತೆ ಮುಗಿಸಿದರು. ತಟ್ಟೆಯನ್ನು ಕೈಗೆತ್ತಿಕೊಂಡು ದೂರ ಹಿಡಿದು ಪರೀಕ್ಷಿಸಿದರು. “ಮೂಗು ಇಷ್ಟು ದಪ್ಪ ಇಲ್ಲ. ಕೆಂಪೂ ಸಾಲದು, ಇದೇನು ನಾಚಿಕೊಂಡವಳ ಮುಖ. ಕೊಡು, ನನ್ನ ಹಂಡೇದು ಹಚ್ತೀನಿ.”

ಮರುದಿನ ಬೆಳಗ್ಗೆ ಅತ್ತೆಯ ಮುಖ ಅಂಗಳದಲ್ಲಿ ಮೊಣಕಾಲ ಮಟ್ಟದಲ್ಲಿ ತಣ್ಣಗೆ ತೂಗಾಡುತ್ತಿತ್ತು. ಡ್ರಮ್ಮಮ್ಮ ಡ್ರಮ್ಮಿಗೆ ನಲ್ಲಿ ಬಿಟ್ಟು, ಹೊರಗೆ ಬಂದು ಇಣುಕಿ, ಒಳಗೆ ಹೋಗಿ, ಮತ್ತೆ ಇಣುಕಿದರು. ಮುಖ ತೊಡೆಯ ಮಟ್ಟಕ್ಕೆ ಬಂದಿತ್ತು. ನಲ್ಲಿ ನಿಂತಿತು. ಸಂಜೆಯ ಹೊತ್ತಿಗೂ ಮುಖ ಎದೆಯ ಮಟ್ಟ ದಾಟಿರಲಿಲ್ಲ; ಸಂಜೆಗೂ ನೀರಿದೆ ಎಂಬುದನ್ನು ನಮ್ಮ ಕಟ್ಟಡ ಮೊಟ್ಟಮೊದಲ ಸಲ ಕಣ್ಣಾರೆ ಕಂಡಿತು. ಸಂಜೆ ಇದೆ ಎಂದಮೇಲೆ ಬೆಳಗ್ಗೆ ತುಂಬಿಡುವುದೇಕೆ? ತುಂಬಿಡದಿದ್ದರೆ ಮರುದಿನ ಚೆಲ್ಲುವುದೇನನ್ನು? ಎರಡು ದಿನದಲ್ಲಿ ಮೋರಿ ಒಣಗಿತು.

ಭಾಷೆಯೂ ಬದಲಾಯಿತು. “ಅತ್ತೆ ಎಲ್ಲಿದ್ದಾರೆ?” “ಸೊಂಟದ ಹತ್ರ.” “ಹಾಗಾದ್ರೆ ಬೆಡ್‌ಶೀಟು ಹಾಕಬಹುದು ಬಿಡಿ.” ಸ್ಕೂಟರಿನವರು ಬಕೆಟ್ ಹಿಡಿದು ಇಳಿದು, ಮುಖದ ಕಣ್ಣಿಗೆ ಕಣ್ಣು ಸೇರಿ, ಏನೋ ಮರೆತವರಂತೆ ವಾಪಸು ಹತ್ತಿದ್ದನ್ನು ನಾವೆಲ್ಲ ಕಂಡೆವು. ಡ್ರಮ್ಮಮ್ಮ ಒಂದು ಡ್ರಮ್ಮನ್ನು ಬೋರಲು ಹಾಕಿ, ಮೇಲೆ ದಿಂಬಿಟ್ಟು, ಅಂಗಳದಲ್ಲೇ ಕಾವಲು ಕೂತರು. “ಎರಡನೇ ಮಹಡಿ! ಅತ್ತೆ ಗಲ್ಲಕ್ಕೆ ಬಂದ್ರು, ಯಾರದು ಶವರ್ರು?” ಎಂಬ ಅವರ ಕೂಗು ಸುತ್ತೋಲೆಯವರ ಜೀವಮಾನದ ಸೂಚನೆಗಳಿಗಿಂತ ಹೆಚ್ಚು ಕೆಲಸ ಮಾಡಿತು. ಸುತ್ತೋಲೆಯವರು ಸುಮ್ಮನಿರಲಾಗದೆ ‘ಮುಖವನ್ನು ಮುಟ್ಟಬಾರದು’ ಎಂದು ಒಂದು ಸೂಚನೆ ಅಂಟಿಸಿದರು. ಬೀಗಗಳಲ್ಲಿ ಒಂದು ಅವರ ಸ್ವಂತ ಅಂಚೆಪೆಟ್ಟಿಗೆಗೆ ಹೋಯಿತು.

ಶುಕ್ರವಾರ ಅತ್ತೆ ಮೇಸ್ತ್ರಿಯ ನೂಲನ್ನು ಹಂಡೆಗೆ ಇಳಿಸಿದರು. ಅಂದು ಕಟ್ಟಡದಲ್ಲಿ ಯಾರೂ ಹೇಳದೆಯೇ ನಲ್ಲಿಗಳು ಮುಚ್ಚಿದವು. ಮೇಲಿನಿಂದ ನೀರು ನೂಲಿನ ಮೇಲೆ ಬೀಳುವ ಸದ್ದು ಮೆಟ್ಟಿಲ ಸಂದಿಯಲ್ಲೆಲ್ಲ ಎಡೆಬಿಡದೆ ಕೇಳುತ್ತಿತ್ತು. ಡ್ರಮ್ಮಮ್ಮ ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗಿದರು.

ಶನಿವಾರ ಮೇಸ್ತ್ರಿ ಲಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದ. ತಪ್ಪು ಹುಡುಕುವುದೇ ಅವನ ಸಂಬಳ. ಆ ದಿನ ಅದನ್ನು ದುಡಿಯಲಾಗಲಿಲ್ಲ. “ಒಂದು ಚುಕ್ಕೆ ಇಲ್ಲ! ಮುಂದಿನ ತಿಂಗಳ ನೂಲೂ ನಿಮಗೇ ತರ್ತೀನಮ್ಮ. ಅದು ಸರಿ, ಕೆಳಗೆ ಮೊಣಕಾಲ ಹತ್ರ ಯಾರದೋ ಮುಖ ಗುರ್ ಅಂತಿದೆಯಲ್ಲ, ಯಾರು ಮಾಡಿದ್ದು?”

ಅತ್ತೆ ಬಾಗಿಲ ಮರೆಯಲ್ಲಿದ್ದ ಸೊಸೆಯನ್ನು ತೋಳು ಹಿಡಿದು ಮುಂದಕ್ಕೆಳೆದರು. ಬಣ್ಣದ ಕೈ, ತೋಳಿನ ಮೇಲೆ ಐದು ಬೆರಳೂ ಕೆಂಪಗೆ, ಒಂದೇ ಸಮನಾಗಿ ಮೂಡಿದವು.

“ನಮ್ಮ ಸೊಸೆ,” ಎಂದರು. ಇಡೀ ಕಟ್ಟಡಕ್ಕೆ ಕೇಳುವ ದನಿಯಲ್ಲಿ. “ಬಾಣ ಬರೀತಾಳೆ!”